ಎ320ಗೆ ಸ್ಟ್ಯಾಂಡ್ ಮಾಡಿಕೊಡಿ ಅಂದಿದ್ದಾರೆ, ಎಲ್ಲಿಂದ ಶುರು ಮಾಡಲಿ?

ಪೀಣ್ಯ_ಎರಡನೇ_ಹಂತ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ. ಹದಿನಾಲ್ಕು ಜನ ಇದ್ದೇವೆ. ಇಷ್ಟು ವರ್ಷ ಟ್ರಾಲಿ, ರ‍್ಯಾಕ್, ಬಿನ್, ಟೂ ವೀಲರ್ ಬಿಡಿಭಾಗಗಳಿಗೆ ಪ್ಯಾಲೆಟ್ ಮಾಡಿಕೊಂಡು ಬಂದಿದ್ದೇವೆ. ಹೋದ ವಾರ ವಿಮಾನ ರಿಪೇರಿ ಮಾಡುವ ಒಂದು ಹ್ಯಾಂಗರ್‌ನಿಂದ ಎನ್‌ಕ್ವೈರಿ ಬಂತು. ಹೆಸರು ಬೇಡ. ಎ320 ವಿಮಾನಕ್ಕೆ ಎರಡು ಸ್ಟ್ಯಾಂಡ್, ಅಂದರೆ ಮೇಲೆ ನಿಂತು ಕೆಲಸ ಮಾಡುವ ಅಟ್ಟಣೆ, ಬೇಕಂತೆ. ಒಂದು ಮೂಗಿನ ಹತ್ತಿರಕ್ಕೆ, ಕಾಕ್‌ಪಿಟ್ ಗಾಜಿಗೆ ಕೈ ಎಟುಕುವ ಹಾಗೆ. ಇನ್ನೊಂದು ಎಂಜಿನ್ ಪಕ್ಕಕ್ಕೆ.

ಚಕ್ರ ಹಾಕಿದ ಏಣಿ ತಾನೆ ಅಂದುಕೊಂಡೆ. ಒಂದೇ ದಿನದಲ್ಲಿ ಡ್ರಾಯಿಂಗ್ ಮಾಡಿ, ಕೆ.ಜಿ. ಲೆಕ್ಕದಲ್ಲಿ ರೇಟು ಹಾಕಿ ಕಳಿಸಿದೆ. ಅವರು ಫೋನ್ ಮಾಡಿ ನಕ್ಕರು. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ. "ಒಂದ್ಸಲ ಬಂದು ನಮ್ಮ ಹುಡುಗರು ಹೇಗೆ ಕೆಲಸ ಮಾಡ್ತಾರೆ ನೋಡಿ, ಆಮೇಲೆ ರೇಟು ಹಾಕಿ" ಅಂದರು. ಗುರುವಾರ ಹೋಗುತ್ತಿದ್ದೇನೆ.

ಹೋಗುವ ಮೊದಲು ತಿಳಿದವರು ಸ್ವಲ್ಪ ಹೇಳಿ. ಏನು ನೋಡಬೇಕು? ಏನು ಕೇಳಬೇಕು? ಎಂ.ಎಸ್. (ಮೈಲ್ಡ್ ಸ್ಟೀಲ್) ಸಾಕಾ, ಅಲ್ಯೂಮಿನಿಯಂ ಬೇಕಾ? ಹೊರದೇಶದಿಂದ ಬರುವ ಸ್ಟ್ಯಾಂಡ್‌ಗೆ ಅಷ್ಟೊಂದು ದುಡ್ಡು ಯಾಕೆ?

ಅಡಿಕೆ_ತೋಟ · ಸೋಮವಾರ ರಾತ್ರಿ

ವಿಮಾನದ ವಿಷಯ ನನಗೆ ಗೊತ್ತಿಲ್ಲ. ಆದರೆ ನಮ್ಮಲ್ಲಿ ಅಡಿಕೆ ಕೊಯ್ಯುವವನು ಕಾಲಿಗೊಂದು ಹಗ್ಗದ ಕುಣಿಕೆ ಹಾಕಿಕೊಂಡು ಐವತ್ತು ಅಡಿ ಏರುತ್ತಾನೆ. ಅವನನ್ನೇ ಕಳಿಸಿಕೊಡಲಾ? ದುಡ್ಡು ಕಮ್ಮಿ ಆಗುತ್ತದೆ. 😀

ಹಳೇ_ಏರ್‌ಪೋರ್ಟ್_ರೋಡ್ · ಮಂಗಳವಾರ ಬೆಳಿಗ್ಗೆ

ಅಡಿಕೆ ತೋಟದವರೇ, ಅಡಿಕೆ ಕೊನೆ ಕೊಯ್ಯುವವನಿಗೆ ಮರ ಅಪ್ಪಿಕೊಳ್ಳಲು ಸಿಗುತ್ತದೆ. ವಿಮಾನ ಅಪ್ಪಿಕೊಳ್ಳುವಷ್ಟು ಸಣ್ಣ ಇಲ್ಲ. ಅದೇ ತಾಪತ್ರಯ.

ಪೀಣ್ಯದ ಸ್ವಾಮಿಗಳೇ, ನಾನು 34 ವರ್ಷ ವಿಮಾನ ನಿರ್ವಹಣೆಯ ಕೆಲಸ ಮಾಡಿ ರಿಟೈರ್ ಆದವನು. ನಿಮ್ಮದು ಮೂಗಿನ ಸ್ಟ್ಯಾಂಡ್, ಕಾಕ್‌ಪಿಟ್ ಗಾಜಿಗೆ ಅಂದಿರಲ್ಲ, ಅದಕ್ಕೇ ಒಂದು ಕಥೆ ಹೇಳುತ್ತೇನೆ. ಕಥೆ ಅಲ್ಲ, ನಡೆದದ್ದು. ನಾವೆಲ್ಲ ಟ್ರೇನಿಂಗ್‌ನಲ್ಲಿ ಓದಿದ್ದೇ.

1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ ಫ್ಲೈಟ್ 5390. ಬಿಎಸಿ ಒನ್-ಇಲೆವೆನ್ ವಿಮಾನ, ಬರ್ಮಿಂಗ್‌ಹ್ಯಾಂನಿಂದ ಸ್ಪೇನಿನ ಮಲಗಾಗೆ ಹೊರಟಿತ್ತು. 17,300 ಅಡಿಗೆ ಏರಿದಾಗ ಕ್ಯಾಪ್ಟನ್ ಮುಂದಿನ ಗಾಜು ಕಿತ್ತುಕೊಂಡು ಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ. ಒಳಗಿದ್ದ ಕ್ಯಾಬಿನ್ ಸಿಬ್ಬಂದಿ ಕಾಲು ಹಿಡಿದುಕೊಂಡರು. ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದ. ಆಶ್ಚರ್ಯ ನೋಡಿ, ಕ್ಯಾಪ್ಟನ್ ಸೇರಿ ಎಲ್ಲರೂ ಬದುಕಿದರು.

ಕಾರಣ ಏನು? ಹಾರುವುದಕ್ಕೆ 27 ಗಂಟೆ ಮುಂಚೆ ಆ ಗಾಜು ಬದಲಾಯಿಸಿದ್ದರು. 90 ಬೋಲ್ಟ್‌ನಲ್ಲಿ 84 ಬೋಲ್ಟ್ ದಪ್ಪದಲ್ಲಿ ಸ್ವಲ್ಪ ಕಮ್ಮಿ. ಎಷ್ಟು ಕಮ್ಮಿ? ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಗೊತ್ತಿಲ್ಲದ ಭಾಗ ನಿಮ್ಮ ಕೆಲಸಕ್ಕೆ ಸಂಬಂಧಿಸಿದ್ದು. ಬೋಲ್ಟ್ ಸಣ್ಣದಾದರೆ ತಲೆ ಗುಂಡಿಯೊಳಗೆ ಜಾಸ್ತಿ ಇಳಿಯುತ್ತದೆ. ನೆಟ್ಟಗೆ ನಿಂತು ನೋಡಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಆದರೆ ಗಾಜು ಹಾಕುತ್ತಿದ್ದವನು ನಿಂತಿದ್ದ ಪ್ಲಾಟ್‌ಫಾರ್ಮ್ ಸರಿಯಾದ ಜಾಗದಲ್ಲಿ ಇರಲಿಲ್ಲ. ಮೂಗಿನ ಮೇಲೆ ಅಡ್ಡ ಬಾಗಿ, ಕೈ ಚಾಚಿ ಬೋಲ್ಟ್ ತಿರುಗಿಸುತ್ತಿದ್ದ. ಸ್ಕ್ರೂಡ್ರೈವರ್ ತುದಿಯ ಬಿಟ್ ಬಿದ್ದು ಹೋಗುತ್ತಿತ್ತು ಅಂತ ಇನ್ನೊಂದು ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದ. ಆ ಕೈಯೇ ಬೋಲ್ಟ್‌ಗೆ ಮರೆ. ರಾತ್ರಿ ಪಾಳಿ, ಬೆಳಗಿನ ಜಾವ, ಜನ ಕಮ್ಮಿ. ತನಿಖೆ ಮಾಡಿದವರು ಇದನ್ನೂ ವರದಿಯಲ್ಲಿ ಬರೆದರು.

ಈಗ ಹೇಳಿ, ನೀವು ಮಾಡುವುದು ಚಕ್ರ ಹಾಕಿದ ಏಣಿಯಾ?

ಪೀಣ್ಯ_ಎರಡನೇ_ಹಂತ · ಮಂಗಳವಾರ ಬೆಳಿಗ್ಗೆ

ಸರ್, ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ನನ್ನ ಡ್ರಾಯಿಂಗ್‌ನಲ್ಲಿ ಪ್ಲಾಟ್‌ಫಾರ್ಮ್ ನೇರ ಚೌಕ. ಮೂಗು ಗುಂಡಗೆ. ಅಂದರೆ ನನ್ನ ಸ್ಟ್ಯಾಂಡ್ ಮೇಲೆ ನಿಂತವನೂ ಬಾಗಲೇಬೇಕು.

ಹಳೇ_ಏರ್‌ಪೋರ್ಟ್_ರೋಡ್ · ಮಂಗಳವಾರ ಬೆಳಿಗ್ಗೆ

ಹೌದು. ಅದಕ್ಕೇ ಅವರು ನಕ್ಕಿದ್ದು. ಆದರೆ ಬನ್ನಿ ಅಂತ ಕರೆದಿದ್ದಾರಲ್ಲ, ಒಳ್ಳೆಯವರು.

ರಿವೆಟ್_ರಾಣಿ · ಮಂಗಳವಾರ ಸಂಜೆ

ನಾನು ಸ್ಟ್ರಕ್ಚರ್ಸ್‌ನಲ್ಲಿದ್ದೇನೆ. ಅಂದರೆ ವಿಮಾನದ ಶೀಟ್ ಮೆಟಲ್ ಕೆಲಸ. ದಿನಾ ಇಂಥ ಸ್ಟ್ಯಾಂಡ್ ಮೇಲೇ ಇರುತ್ತೇನೆ. ಶಿಫ್ಟ್ ಮುಗಿಸಿ ಬಂದೆ, ಅದಕ್ಕೇ ತಡ.

ಗುರುವಾರ ಹೋದಾಗ ಮೊದಲು ಅವರ ಹಳೇ ಸ್ಟ್ಯಾಂಡ್ ನೋಡಿ. ಹೊಸದನ್ನಲ್ಲ. ಎಲ್ಲಿ ಪೇಂಟ್ ಹೋಗಿದೆ, ಎಲ್ಲಿ ಬಟ್ಟೆ ಸುತ್ತಿದ್ದಾರೆ, ಎಲ್ಲಿ ತಂತಿ ಕಟ್ಟಿದ್ದಾರೆ, ಯಾವ ರೇಲಿಂಗ್ ಬಿಚ್ಚಿ ಮೂಲೆಗೆ ಒರಗಿಸಿದ್ದಾರೆ. ನಿಮ್ಮ ಡಿಸೈನ್ ಪೂರ್ತಿ ಅಲ್ಲೇ ಬರೆದಿರುತ್ತದೆ.

ನನ್ನ ಕಡೆಯಿಂದ ಮುಖ್ಯವಾದದ್ದು ಗ್ಯಾಪ್. ವಿಮಾನದ ಮೈಗೂ ಪ್ಲಾಟ್‌ಫಾರ್ಮ್ ಅಂಚಿಗೂ ನಡುವೆ ಇರುವ ಜಾಗ. ಆ ಕಡೆ ರೇಲಿಂಗ್ ಇರುವುದಿಲ್ಲ, ಇದ್ದರೆ ಕೆಲಸ ಮಾಡೋದು ಹೇಗೆ? ಗ್ಯಾಪ್ ಜಾಸ್ತಿ ಆದರೆ ಕಾಲು ಇಳಿಯುತ್ತದೆ. ಕಾಲು ಇಳಿಯದಿದ್ದರೂ ಟೂಲ್ ಇಳಿಯುತ್ತದೆ. ಕಮ್ಮಿ ಆದರೆ ಸ್ಟ್ಯಾಂಡ್ ಹೋಗಿ ವಿಮಾನಕ್ಕೆ ಮುಟ್ಟುತ್ತದೆ. ಒಳ್ಳೆ ಡಾಕ್‌ಗಳಲ್ಲಿ (ವಿಮಾನದ ಸುತ್ತ ನಿಲ್ಲಿಸುವ ಪ್ಲಾಟ್‌ಫಾರ್ಮ್‌ಗಳ ಗುಂಪು) ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಸ್ಲೈಡರ್ ಇರುತ್ತವೆ. ಅಡುಗೆಮನೆಯ ಡ್ರಾಯರ್ ಎಳೆದ ಹಾಗೆ ಒಂದೊಂದನ್ನೇ ಎಳೆದು, ಫ್ಯೂಸ್‌ಲಾಜ್ (ವಿಮಾನದ ಮೈ) ಹೇಗೆ ಬಾಗಿದೆಯೋ ಹಾಗೆ ಹೊಂದಿಸಿಕೊಳ್ಳುತ್ತೇವೆ. ಪ್ರತಿ ಸ್ಲೈಡರ್‌ಗೂ ತುದಿಯಲ್ಲಿ ರಬ್ಬರ್, ಜೊತೆಗೊಂದು ಲಾಕ್. ನೀವು ದುಡ್ಡು ಯಾಕೆ ಜಾಸ್ತಿ ಅಂತ ಕೇಳಿದಿರಲ್ಲ. ಅರ್ಧ ದುಡ್ಡು ಆ ಸ್ಲೈಡರ್‌ಗಳಿಗೇ.

ಅವು ಮರಳು ತುಂಬಿಕೊಂಡು ಜಾಮ್ ಆದರೆ ಏನಾಗುತ್ತದೆ ಗೊತ್ತಾ? ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ವಿಮಾನದ ಪಕ್ಕದಲ್ಲಿ ನಿಂತುಕೊಂಡು. ಹಾಗಾಗಿ ಬಿಚ್ಚಿ ಕ್ಲೀನ್ ಮಾಡುವ ಹಾಗೆ ಮಾಡಿ ಅಣ್ಣಾ, ದಯವಿಟ್ಟು.

ಬಿ1_ಆಗ್ತೀನಿ · ಮಂಗಳವಾರ ರಾತ್ರಿ

ಅಕ್ಕಾ, ನಾನು ಎ.ಎಂ.ಇ. (ವಿಮಾನ ನಿರ್ವಹಣೆ ಎಂಜಿನಿಯರಿಂಗ್) ಸ್ಟೂಡೆಂಟ್. ಒಂದು ಪೆದ್ದು ಪ್ರಶ್ನೆ. ವಿಮಾನ ನಿಂತಲ್ಲೇ ನಿಂತಿರುತ್ತದೆ, ಸ್ಟ್ಯಾಂಡ್‌ಗೆ ಬ್ರೇಕ್ ಹಾಕಿರುತ್ತಾರೆ. ಒಂದು ಸಲ ಗ್ಯಾಪ್ ಹೊಂದಿಸಿದ ಮೇಲೆ ಮತ್ತೆ ಮುಟ್ಟುವುದು ಹೇಗೆ?

ರಿವೆಟ್_ರಾಣಿ · ಮಂಗಳವಾರ ರಾತ್ರಿ

ಪೆದ್ದು ಪ್ರಶ್ನೆ ಅಲ್ಲಪ್ಪ. ಹೊಸಬರೆಲ್ಲ ಮೋಸ ಹೋಗುವುದು ಇಲ್ಲೇ. ವಿಮಾನ ನಿಂತಲ್ಲೇ ಏಳುತ್ತದೆ, ಕೂರುತ್ತದೆ.

ಲ್ಯಾಂಡಿಂಗ್ ಗೇರ್ ಒಳಗೆ ಗ್ಯಾಸು, ಎಣ್ಣೆ ತುಂಬಿದ ಶಾಕ್ ಸ್ಟ್ರಟ್ ಇದೆ, ಬೈಕ್ ಶಾಕ್ ಅಬ್ಸಾರ್ಬರ್ ಥರ. ಎ320ಗೆ ಸುಮಾರು 24,000 ಲೀಟರ್ ಇಂಧನ ಹಿಡಿಯುತ್ತದೆ. 19 ಟನ್ ಹತ್ತಿರ. ಚೆಕ್‌ಗೆ ಬಂದ ವಿಮಾನದಿಂದ ಅದನ್ನು ತೆಗೆದರೆ ಮೈ ಹಗುರಾಗಿ ಮೇಲೆ ಬರುತ್ತದೆ. ಒಂದು ಎಂಜಿನ್ ಇಳಿಸಿದರೆ ಇನ್ನೆರಡು ಮೂರು ಟನ್ ಹೋಯಿತು. ಮತ್ತೆ ತುಂಬಿಸಿದರೆ ಕೆಳಗೆ ಕೂರುತ್ತದೆ. ಆಗ ಬಾಗಿಲ ಅಂಚಿನ ಕೆಳಗೆ ನಿಮ್ಮ ಪ್ಲಾಟ್‌ಫಾರ್ಮ್ ಇದ್ದರೆ, ಬಾಗಿಲು ಬಂದು ಅದರ ಮೇಲೆ ಕೂತಿತು ಅಂತಲೇ ಅರ್ಥ. ಜ್ಯಾಕ್ ಹಾಕುವಾಗಲಂತೂ ಕೇಳಲೇಬೇಡ. ಏರಿಸುವ ಮೊದಲು, ಇಳಿಸುವ ಮೊದಲು ಒಬ್ಬ ಸುತ್ತಾ ನಡೆದು ಎಲ್ಲ ಸ್ಲೈಡರ್ ಒಳಗೆ ಹೋಗಿವೆಯಾ ನೋಡಲೇಬೇಕು. ನಮ್ಮಲ್ಲಿ ಅದಕ್ಕೆ ಸಹಿ ಇದೆ.

ದುಬೈ_ಮಂಡ್ಯ · ಬುಧವಾರ ಬೆಳಿಗ್ಗೆ

ಇಲ್ಲಿ ಗಲ್ಫ್‌ನಲ್ಲಿ ಎ380 ಮೇಲೆ ಕೆಲಸ ಮಾಡುತ್ತೇನೆ. ಊರು ಮಂಡ್ಯ. ನಿಮ್ಮ ಎ320 ಬಾಲದ ತುದಿ 11.8 ಮೀಟರ್. ಎ380ದು 24.1 ಮೀಟರ್. ಎಂಟು ಮಹಡಿ ಅಂದುಕೊಳ್ಳಿ. ಅಲ್ಲಿಗೆ ನೆಲದಿಂದ ಸ್ಟ್ಯಾಂಡ್ ಕಟ್ಟಿದರೆ ಅದೇ ಒಂದು ಬಿಲ್ಡಿಂಗ್. ಹಾಗಾಗಿ ಇಂಥ ಹ್ಯಾಂಗರ್‌ಗಳಲ್ಲಿ ಸೂರಿನಿಂದಲೇ ಪ್ಲಾಟ್‌ಫಾರ್ಮ್ ಇಳಿಬಿಡುತ್ತಾರೆ. ಟೆಲಿಪ್ಲಾಟ್‌ಫಾರ್ಮ್ ಅಂತೀವಿ. ಮೇಲೆ ಕ್ರೇನ್ ಥರ ಹಳಿ, ಅದರಿಂದ ಟೆಲಿಸ್ಕೋಪ್ ಹಾಗೆ ಉದ್ದ ಆಗುವ ಕಂಬ, ತುದಿಯಲ್ಲಿ ತೊಟ್ಟಿಲು. ನೆಲ ಪೂರ್ತಿ ಖಾಲಿ. ಟ್ರ್ಯಾಕ್ಟರ್, ಟ್ರಾಲಿ ಎಲ್ಲ ಆರಾಮಾಗಿ ಓಡಾಡುತ್ತವೆ.

ಆದರೆ ನನ್ನ ಅಭಿಪ್ರಾಯ ಬೇರೆ ಇದೆ ಗುರು. ಎ320ಗೆ ಇಷ್ಟೆಲ್ಲ ಸ್ಟ್ಯಾಂಡು ಡಾಕು ಯಾಕೆ? ಎರಡು ಬೂಮ್ ಲಿಫ್ಟ್ (ಉದ್ದ ತೋಳಿನ ತುದಿಯಲ್ಲಿ ತೊಟ್ಟಿಲು), ಎರಡು ಸಿಜರ್ ಲಿಫ್ಟ್ (ಕತ್ತರಿ ಥರ ಮೇಲೇಳುವ ಪ್ಲಾಟ್‌ಫಾರ್ಮ್) ಬಾಡಿಗೆಗೆ ತಗೊಂಡ್ರೆ ಮುಗೀತು. ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತದೆ. ಎ320 ಆದಮೇಲೆ 737, ಅದಾದಮೇಲೆ ಎಟಿಆರ್. ಒಂದೇ ಮಷೀನ್.

ರಿವೆಟ್_ರಾಣಿ · ಬುಧವಾರ ಮಧ್ಯಾಹ್ನ

ಬಲ್ಬ್ ಬದಲಾಯಿಸೋಕೆ ಬೂಮ್ ಲಿಫ್ಟ್ ಸರಿ. ನಾನು ಮೂರು ದಿನ ಒಂದೇ ಜಾಗದಲ್ಲಿ ನಿಂತು ಹಳೇ ರಿವೆಟ್ ತೆಗೆದು, ಪ್ಯಾಚ್ ಕೂರಿಸಿ, ಹೊಸ ರಿವೆಟ್ ಹೊಡೆಯಬೇಕು. ಆ ತೊಟ್ಟಿಲಲ್ಲಿ ಇಬ್ಬರು ನಿಂತರೆ ಜಾಗ ಮುಗೀತು. ಡ್ರಿಲ್, ಏರ್ ಹೋಸ್, ರಿವೆಟ್ ಡಬ್ಬಿ, ಡ್ರಾಯಿಂಗ್ ಎಲ್ಲಿಡಲಿ? ಒಬ್ಬರು ಅಲ್ಲಾಡಿದರೆ ಪೂರ್ತಿ ಬೂಮ್ ತೂಗುತ್ತದೆ. ತೂಗುವ ಜಾಗದಲ್ಲಿ ನಿಂತು ನೇರ ತೂತು ಕೊರೆಯಿರಿ ನೋಡೋಣ.

ಇನ್ನೊಂದು. ಅಲ್ಯೂಮಿನಿಯಂ ಮೈಗೆ ಲಿಫ್ಟ್ ತಗುಲಿದರೆ ಡೆಂಟ್ ಆಗುತ್ತದೆ, ಕಾಣುತ್ತದೆ, ಬರೆದುಕೊಳ್ಳುತ್ತೇವೆ. 787, ಎ350 ಬಂದಮೇಲೆ ಆ ನೆಮ್ಮದಿಯೂ ಇಲ್ಲ. ಅವುಗಳ ತೂಕದಲ್ಲಿ ಅರ್ಧದಷ್ಟು ಕಾರ್ಬನ್ ಫೈಬರ್ ಕಾಂಪೊಸಿಟ್. ಮೆತ್ತಗೆ ತಗುಲಿದರೆ ಹೊರಗೆ ಏನೂ ಕಾಣದೆ ಒಳಗೆ ಪದರ ಬಿಟ್ಟಿರಬಹುದು. ತಗುಲಿಸಿದವನು ಬಾಯಿ ಬಿಡದಿದ್ದರೆ ದೇವರೇ ಗತಿ.

ದುಬೈ_ಮಂಡ್ಯ · ಬುಧವಾರ ಮಧ್ಯಾಹ್ನ

ಒಪ್ಪಿದೆ ಮೇಡಂ, ಶೀಟ್ ಮೆಟಲ್‌ಗೆ ಡಾಕೇ ಬೇಕು. ಆದರೆ ಒಂದೇ ಮಾಡೆಲ್‌ಗೆ ಅಂತ ಕಟ್ಟಿದ ಡಾಕ್, ಕಂಪನಿ ಆ ವಿಮಾನ ಬಿಟ್ಟ ದಿನ ಗುಜರಿಗೆ. ಅದನ್ನೂ ಕಣ್ಣಾರೆ ನೋಡಿದ್ದೇನೆ.

ಹಳೇ_ಏರ್‌ಪೋರ್ಟ್_ರೋಡ್ · ಬುಧವಾರ ಸಂಜೆ

ಇಬ್ಬರ ಮಾತೂ ಕೇಳಿದೆ. ಮಂಡ್ಯದವರು ಮೂರು ವಿಮಾನಕ್ಕೂ ಒಂದೇ ಮಷೀನ್ ಅಂದರು. ಪೀಣ್ಯದವರು ಇದನ್ನು ನಂಬಿ ಎಲ್ಲದಕ್ಕೂ ಆಗುವ ಒಂದೇ ಸ್ಟ್ಯಾಂಡ್ ಮಾಡಲು ಹೋಗಬಾರದು, ಅದಕ್ಕೇ ಹೇಳುತ್ತೇನೆ. ಎ320 ಮುಂದಿನ ಬಾಗಿಲ ಹೊಸ್ತಿಲು ನೆಲದಿಂದ ಸುಮಾರು 3.4 ಮೀಟರ್. 737ದು ಸುಮಾರು 2.7. ಎಟಿಆರ್‌ನ ರೆಕ್ಕೆ ಮೈಯ ಮೇಲೆ ಕೂತಿರುತ್ತದೆ, ಎಂಜಿನ್ ಕೂಡ ಅಲ್ಲೇ ಮೇಲೆ. 737ರಲ್ಲಿ ಎಂಜಿನ್ ನೆಲ ಮುಟ್ಟುವ ಹಾಗೆ ಕೆಳಗೆ. 737ಗೆ ಎಂಜಿನ್ ಸ್ಟ್ಯಾಂಡ್ ಅಂದರೆ ಮಣೆಯಷ್ಟು ಎತ್ತರ, ಎಟಿಆರ್‌ಗೆ ತಲೆಗಿಂತ ಮೇಲೆ.

ಎತ್ತರ ಬದಲಾಗಬೇಕು ಅಂದರೆ ಹೈಡ್ರಾಲಿಕ್ ಬೇಕು. ಕೈ ಪಂಪ್ ಸಾಕು. ಆದರೆ ಹೈಡ್ರಾಲಿಕ್ ನಂಬಿ ಮನುಷ್ಯನನ್ನು ಮೇಲೆ ನಿಲ್ಲಿಸಬೇಡಿ. ಏರಿಸಿದ ಮೇಲೆ ಕಬ್ಬಿಣದ ಪಿನ್ ಹಾಕಿ ಲಾಕ್ ಆಗಬೇಕು. ಸೀಲ್ ಇವತ್ತಲ್ಲ ನಾಳೆ ಸೋರುತ್ತದೆ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕಂಪನಿ ಹೆಸರು ಬೇಡ. ತೊಂಬತ್ತರ ದಶಕ, ಜುಲೈ ತಿಂಗಳು. ಹ್ಯಾಂಗರ್ ಬಾಗಿಲು ತೆರೆದಿತ್ತು. ಬೆಂಗಳೂರಿನ ಆಷಾಢದ ಗಾಳಿ ನಿಮಗೆ ಗೊತ್ತಲ್ಲ. ಸ್ಟ್ಯಾಂಡ್ ರೆಕ್ಕೆಯ ಹಿಂದೆ ಬಿಟ್ಟು ಟೀಗೆ ಹೋದೆ. ನಾಲ್ಕು ಚಕ್ರದಲ್ಲಿ ಎರಡಕ್ಕೆ ಮಾತ್ರ ಬ್ರೇಕ್ ಹಾಕಿದ್ದೆ, ನೆಲಕ್ಕೆ ಊರುವ ಸ್ಟೆಬಿಲೈಸರ್ ಕಾಲು ಇಳಿಸಿರಲಿಲ್ಲ. ಎರಡು ನಿಮಿಷದ ಕೆಲಸ ಅಂತ. ವಾಪಸ್ ಬಂದಾಗ ಸ್ಟ್ಯಾಂಡ್ ಒಂದು ಸುತ್ತು ತಿರುಗಿ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಅಂಚಿಗೆ ಒರಗಿ ನಿಂತಿತ್ತು. ಸದ್ದು ಕೂಡ ಆಗಿಲ್ಲ. ಹೆಬ್ಬೆರಳಿನಷ್ಟು ಡೆಂಟ್. ಆ ವಿಮಾನ ಆ ರಾತ್ರಿ ಹೋಗಲಿಲ್ಲ. ನಾನು ಮನೆಗೆ ಹೋದೆ, ಊಟ ಸೇರಲಿಲ್ಲ.

ಹಾಗಾಗಿ ಬ್ರೇಕ್ ವಿಷಯಕ್ಕೆ ದುಡ್ಡು ಉಳಿಸಬೇಡಿ. ಒಂದೇ ಪೆಡಲ್ ತುಳಿದರೆ ನಾಲ್ಕೂ ಚಕ್ರ ಲಾಕ್ ಆಗುವ ಹಾಗೆ ಮಾಡಲು ಸಾಧ್ಯವಾದರೆ ಮಾಡಿ. ನಾಲ್ಕು ಕಡೆ ಬಗ್ಗಿ ಹಾಕಬೇಕು ಅಂದರೆ ಮನುಷ್ಯ ಎರಡು ಹಾಕಿ ಟೀಗೆ ಹೋಗುತ್ತಾನೆ. ನಾನೇ ಸಾಕ್ಷಿ.

ಸೇಫ್ಟಿ_ಸುಬ್ಬು · ಬುಧವಾರ ರಾತ್ರಿ

ನಾನು ಸೇಫ್ಟಿ ಆಫೀಸರ್. ಎಲ್ಲರಿಗೂ ನನ್ನನ್ನು ಕಂಡರೆ ಆಗಲ್ಲ, ಗೊತ್ತು. ಆದರೂ ಬರೆಯುತ್ತೇನೆ.

"ಸ್ಟ್ಯಾಂಡ್ ಯಾಕೆ, ಹಾರ್ನೆಸ್ (ಬೀಳದಂತೆ ಮೈಗೆ ಕಟ್ಟುವ ಪಟ್ಟಿ) ಹಾಕಿಕೊಂಡರೆ ಸಾಲದಾ" ಅಂತ ಮ್ಯಾನೇಜ್‌ಮೆಂಟ್ ಕೇಳುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ರೆಕ್ಕೆ ಮೇಲೆ ಒಬ್ಬ ನಿಂತಿದ್ದಾನೆ. ಹಗ್ಗ ಅವನ ಕಾಲ ಬುಡದಲ್ಲೇ, ರೆಕ್ಕೆಗೆ ಕಟ್ಟಿದೆ. ಆ ಹಗ್ಗ, ಅಂದರೆ ಲ್ಯಾನ್ಯಾರ್ಡ್, 2 ಮೀಟರ್. ಬಿದ್ದಾಗ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡು 1.75 ಮೀಟರ್‌ವರೆಗೆ ಉದ್ದ ಆಗಬಹುದು. ಬೆನ್ನಿನ ಕೊಕ್ಕೆಯಿಂದ ಪಾದದವರೆಗೆ ಒಂದೂವರೆ ಮೀಟರ್. ಕೂಡಿಸಿ. ಐದು ಮೀಟರ್ ದಾಟಿತು. ಎ320 ರೆಕ್ಕೆಯ ಮೇಲ್ಮೈ ನೆಲದಿಂದ ಎಷ್ಟು? ಮೂರು ನಾಲ್ಕು ಮೀಟರ್. ಅಂದರೆ ಹಗ್ಗ ಪೂರ್ತಿ ಬಿಗಿಯಾಗುವ ಮೊದಲೇ ನೆಲ ಬಂತು. ಹಾರ್ನೆಸ್ ಹಾಕಿಕೊಂಡೇ ಕಾಲು ಮುರಿದುಕೊಳ್ಳುತ್ತಾನೆ.

ಹಾರ್ನೆಸ್ ಬೇಡ ಅಂತಲ್ಲ. ಸೂರಿನ ಹಳಿಯಿಂದ ಇಳಿಯುವ, ತಾನೇ ಸುತ್ತಿಕೊಳ್ಳುವ ಹಗ್ಗ ಇದ್ದರೆ ಸರಿ. ಅಥವಾ ಅಂಚಿಗೆ ಹೋಗಲಿಕ್ಕೇ ಬಿಡದಷ್ಟು ಗಿಡ್ಡ ಹಗ್ಗ. ಆದರೆ ಬೀಳದ ಹಾಗೆ ಮಾಡುವುದು ಮೊದಲು, ಬಿದ್ದವನನ್ನು ಹಿಡಿಯುವುದು ಆಮೇಲೆ. ಬ್ರಿಟನ್‌ನ 2005ರ ನಿಯಮದಲ್ಲಿ ಇದೇ ಕ್ರಮ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಫ್ಯಾಕ್ಟರೀಸ್ ಆ್ಯಕ್ಟ್‌ನ 32ನೇ ಸೆಕ್ಷನ್ ಕೂಡ ಮೊದಲು ಹೇಳಿದ್ದು ಬೇಲಿಯ ಮಾತನ್ನೇ.

ಪೀಣ್ಯದವರಿಗೆ: ವಿಮಾನ ನಿರ್ವಹಣೆಯ ಮೆಟ್ಟಿಲು, ಪ್ಲಾಟ್‌ಫಾರ್ಮ್‌ಗೇ ಅಂತ ಯುರೋಪಿನ ಒಂದು ಸ್ಟ್ಯಾಂಡರ್ಡ್ ಇದೆ, ಇಎನ್ 12312-8. ಅದರ ಜೊತೆ ಇಎನ್ 1915. ಕೊಳ್ಳುವವರು ಇವನ್ನು ಕೇಳಿಯೇ ಕೇಳುತ್ತಾರೆ. ಕೊಂಡು ಓದಿ, ಯಾರೋ ಕಳಿಸಿದ ಪಿಡಿಎಫ್ ತುಣುಕು ನಂಬಬೇಡಿ. ಸದ್ಯಕ್ಕೆ ತಲೆಯಲ್ಲಿಡಿ: ರೇಲಿಂಗ್ 1.1 ಮೀಟರ್, ನಡುವೆ ಒಂದು ಅಡ್ಡಪಟ್ಟಿ, ಕೆಳಗೆ 100 ಮಿಲಿಮೀಟರ್ ಟೋ ಬೋರ್ಡ್. ಟೋ ಬೋರ್ಡ್ ಇರುವುದು ಕೆಳಗೆ ನಿಂತವನ ತಲೆಗೋಸ್ಕರ. ಸ್ಪ್ಯಾನರ್ ಉರುಳಿ ಬೀಳಬಾರದು. ಮೇಲೆ ಎಷ್ಟು ಜನ, ಎಷ್ಟು ಕೆ.ಜಿ. ಅಂತ ದೊಡ್ಡದಾಗಿ ಬರೆದಿರಬೇಕು. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ. ಹ್ಯಾಂಗರ್ ಕ್ಲೀನ್ ಮಾಡುವವರೂ ಅದನ್ನು ಹತ್ತುತ್ತಾರೆ.

ಅಡಿಕೆ_ತೋಟ · ಬುಧವಾರ ರಾತ್ರಿ

ಸುಮ್ನೆ ತಮಾಷೆಗೆ ಬಂದವನು ಕೂತು ಎಲ್ಲ ಓದಿದೆ. ಹಾರ್ನೆಸ್ ಲೆಕ್ಕ ನೋಡಿ ನಮ್ಮ ಕೊನೆ ಕೊಯ್ಯುವವರ ನೆನಪಾಗಿ ತಮಾಷೆ ಹೋಯಿತು.

ಪೀಣ್ಯ_ಎರಡನೇ_ಹಂತ · ಗುರುವಾರ ರಾತ್ರಿ

ಹೋಗಿ ಬಂದೆ. ತಲೆ ತಿರುಗುತ್ತಿದೆ, ಆದರೂ ಬರೆದುಬಿಡುತ್ತೇನೆ.

ಒಳಗೆ ಹೋಗುವಾಗಲೇ ಜೇಬಿನಲ್ಲಿದ್ದ ಪೆನ್ನು, ಚಿಲ್ಲರೆ, ಕೀ ಎಲ್ಲ ಹೊರಗಿಡಿ ಅಂದರು. ವಿಮಾನದ ಸುತ್ತ ಡಾಕ್ ಮುಚ್ಚಿತ್ತು. ಮೊದಲಿಗೆ ವಿಮಾನವೇ ಕಾಣಲಿಲ್ಲ, ಬರೀ ಮೆಟ್ಟಿಲು, ರೇಲಿಂಗ್. ನೆಲದ ಮೇಲೆ ಹಳದಿ ಗೆರೆ, ಮೂಗಿನ ಚಕ್ರ ಎಲ್ಲಿ ನಿಲ್ಲಬೇಕು ಅಂತ ಅಡ್ಡ ಗುರುತು. ಆ ಗುರುತಿನಿಂದ ಕೆಲವೇ ಸೆಂಟಿಮೀಟರ್ ಆಚೆ ಈಚೆ ಆದರೂ ಡಾಕ್ ಸರಿಯಾಗಿ ಮುಚ್ಚುವುದಿಲ್ಲವಂತೆ.

ರಿವೆಟ್ ರಾಣಿ ಮೇಡಂ ಹೇಳಿದ ಹಾಗೆ ಹಳೇ ಸ್ಟ್ಯಾಂಡ್ ಕೇಳಿದೆ. ಮೂಲೆಯಲ್ಲಿ ಇತ್ತು. ಮೇಲಿನ ಪೇಂಟ್ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆ ಸುಲಿದಿದೆ. ತುಕ್ಕು ಅಂದುಕೊಂಡೆ. ಅಲ್ಲವಂತೆ, ಯಾವುದೋ ನೇರಳೆ ಬಣ್ಣದ ಎಣ್ಣೆ. ಮುಟ್ಟಬೇಡಿ ಅಂದರು. ರಬ್ಬರ್ ಬಂಪರ್ ಕೂಡ ಊದಿಕೊಂಡು ಅಂಟಂಟು. ಏನು ಎಣ್ಣೆ ಅದು?

ಹಳೇ_ಏರ್‌ಪೋರ್ಟ್_ರೋಡ್ · ಗುರುವಾರ ರಾತ್ರಿ

ಸ್ಕೈಡ್ರಾಲ್. ವಿಮಾನದ ಹೈಡ್ರಾಲಿಕ್ ದ್ರವ. ಸುಲಭವಾಗಿ ಬೆಂಕಿ ಹಿಡಿಯಬಾರದು ಅಂತ ಫಾಸ್ಫೇಟ್ ಎಸ್ಟರ್‌ನಿಂದ ಮಾಡಿರುತ್ತಾರೆ. ಮಾಮೂಲಿ ಎನಾಮಲ್ ಪೇಂಟ್ ತಿಂದುಹಾಕುತ್ತದೆ. ಕಣ್ಣಿಗೆ ಬಿದ್ದರೆ ಮೆಣಸಿನಪುಡಿ ಎಷ್ಟೋ ವಾಸಿ. ನಿಮ್ಮ ಸ್ಟ್ಯಾಂಡ್‌ಗೆ ಎಪಾಕ್ಸಿ ಪ್ರೈಮರ್, ಪಾಲಿಯುರೆಥೇನ್ ಪೇಂಟ್ ಹಾಕಿಸಿ.

ರಬ್ಬರ್ ವಿಷಯ ಸ್ವಲ್ಪ ಸೂಕ್ಷ್ಮ. ಸ್ಕೈಡ್ರಾಲ್‌ಗೆ ನೈಟ್ರೈಲ್ ರಬ್ಬರ್ ತಡೆಯುವುದಿಲ್ಲ, ಇಪಿಡಿಎಂ ಅನ್ನುವ ಇನ್ನೊಂದು ರಬ್ಬರ್ ತಡೆಯುತ್ತದೆ. ಆದರೆ ಇಪಿಡಿಎಂಗೆ ಜೆಟ್ ಇಂಧನ, ಎಂಜಿನ್ ಆಯಿಲ್ ಆಗುವುದಿಲ್ಲ, ಊದಿಕೊಳ್ಳುತ್ತದೆ. ಅಲ್ಲಿ ನೈಟ್ರೈಲೇ ಸರಿ. ಚಕ್ರದ ಗೂಡಿನ ಹತ್ತಿರ ನಿಲ್ಲುವ ಸ್ಟ್ಯಾಂಡ್‌ಗೆ ಒಂದು, ಎಂಜಿನ್ ಹತ್ತಿರದ್ದಕ್ಕೆ ಇನ್ನೊಂದು. ಎರಡಕ್ಕೂ ಆಗುವ ಒಂದು ರಬ್ಬರ್ ಹುಡುಕುತ್ತಾ ಕೂರಬೇಡಿ. ಎರಡು ಸ್ಕ್ರೂ ಬಿಚ್ಚಿ ಐದು ನಿಮಿಷದಲ್ಲಿ ಬದಲಾಯಿಸುವ ಹಾಗೆ ಮಾಡಿ, ಸ್ಪೇರ್ ಜೊತೆಗೇ ಕೊಡಿ. ಆ ಸ್ಕ್ರೂ ಮಾತ್ರ ಬಿದ್ದುಹೋಗದ ಹಾಗೆ ಇರಲಿ. ಕಪ್ಪು ರಬ್ಬರ್ ಬೇಡ, ಬಿಳಿ ಪೇಂಟ್ ಮೇಲೆ ಗೀರು ಉಳಿಯುತ್ತದೆ. ಬೂದು ಬಣ್ಣದ್ದು ಸಿಗುತ್ತದೆ.

ರಿವೆಟ್_ರಾಣಿ · ಶುಕ್ರವಾರ ಬೆಳಿಗ್ಗೆ

ಜೇಬಿನ ಚಿಲ್ಲರೆ ಯಾಕೆ ಇಡಿಸಿದರು ಅಂತ ಅರ್ಥ ಆಗಿರಬೇಕಲ್ವಾ? ಬಿದ್ದ ವಸ್ತು ಎಂಜಿನ್ ಒಳಗೆ ಹೋದರೆ ಕಥೆ ಮುಗೀತು. ಎಫ್‌ಒಡಿ (ಹೊರಗಿನ ವಸ್ತುವಿನಿಂದ ಆಗುವ ಹಾನಿ) ಅಂತೀವಿ, ಹ್ಯಾಂಗರ್‌ನಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ಹಾಗಾಗಿ ನಿಮ್ಮ ಸ್ಟ್ಯಾಂಡ್‌ನಲ್ಲಿ ಕಳಚಿ ಬೀಳುವ ಯಾವುದೂ ಇರಬಾರದು. ಲಾಕ್ ಪಿನ್‌ಗೆ ಸಣ್ಣ ಕೇಬಲ್ ಕಟ್ಟಿ. ಪೈಪ್ ತುದಿಗೆ ಪ್ಲಾಸ್ಟಿಕ್ ಮುಚ್ಚಳ ತುರುಕಬೇಡಿ, ವೆಲ್ಡ್ ಮಾಡಿ ಮುಚ್ಚಿ. ವೆಲ್ಡಿಂಗ್ ಚಿಮ್ಮಿದ ಕಾಳು ಕೆರೆದು ತೆಗೀರಿ.

ಎಂ.ಎಸ್. ಅಥವಾ ಅಲ್ಯೂಮಿನಿಯಂ ಅಂತ ಕೇಳಿದ್ದಿರಿ, ಯಾರೂ ಉತ್ತರ ಕೊಟ್ಟಿಲ್ಲ. ಅಡಿಪಾಯ ಸ್ಟೀಲ್, ಮೇಲಿನದು ಅಲ್ಯೂಮಿನಿಯಂ. ಕೆಳಗೆ ಭಾರ ಇದ್ದರೆ ಮಗುಚುವುದಿಲ್ಲ, ಮೇಲೆ ಹಗುರ ಇದ್ದರೆ ಇಬ್ಬರು ತಳ್ಳಬಹುದು. ಪೂರ್ತಿ ಸ್ಟೀಲ್ ಆದರೆ ನಾಲ್ಕು ಜನ ಬೇಕು. ನೈಟ್ ಶಿಫ್ಟ್‌ನಲ್ಲಿ ನಾಲ್ಕು ಜನ ಎಲ್ಲಿಂದ ಬರ್ತಾರೆ? ಒಬ್ಬಳೇ ತಳ್ಳಿ ಎಲ್ಲೋ ತಗುಲಿಸುತ್ತೇನೆ, ಅಷ್ಟೇ. ಸ್ಟೀಲ್ ಭಾಗ ಗ್ಯಾಲ್ವನೈಸ್ ಮಾಡಿಸಿ, ತುಕ್ಕಿನ ಚಕ್ಕೆ ಕೂಡ ಎಫ್‌ಒಡಿಯೇ.

ದುಬೈ_ಮಂಡ್ಯ · ಶುಕ್ರವಾರ ರಾತ್ರಿ

ಕ್ಯಾಸ್ಟರ್ ದೊಡ್ಡದು ಹಾಕಿ ಗುರು, 8 ಇಂಚಿಗೆ ಕಮ್ಮಿ ಬೇಡ. ಹ್ಯಾಂಗರ್ ನೆಲದಲ್ಲಿ ನೀರು ಹೋಗುವ ಕಾಲುವೆ, ಅದರ ಮೇಲೆ ಜಾಲರಿ ಇರುತ್ತದೆ. ಸಣ್ಣ ಚಕ್ರ ಅದರಲ್ಲಿ ಸಿಕ್ಕಿಕೊಂಡರೆ ಸ್ಟ್ಯಾಂಡ್ ಮುಗ್ಗರಿಸುತ್ತದೆ. ಎಂಜಿನ್ ಸ್ಟ್ಯಾಂಡ್ ಬ್ಯಾಟರಿ ಮೇಲೆ ಓಡೋದು ಬೇಡ, ರೆಕ್ಕೆಯೊಳಗೇ ಇಂಧನ ಟ್ಯಾಂಕ್. ಟ್ಯಾಂಕ್ ತೆರೆದಾಗ ಕಿಡಿ ಬರುವ ಯಾವುದನ್ನೂ ಹತ್ತಿರ ಸೇರಿಸಲ್ಲ. ಕೈಯಲ್ಲಿ ತಳ್ಳೋದೇ ವಾಸಿ.

ಅಂದಹಾಗೆ ನಿಮ್ಮ ಊರಲ್ಲೇ ಕೆಲಸ ಬರ್ತಿದೆ. ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಇಂಡಿಗೊ ಹ್ಯಾಂಗರ್ 2022ರಿಂದ ಇದೆ, ಏರ್ ಇಂಡಿಯಾ 35 ಎಕರೆಯಲ್ಲಿ ಕಟ್ಟುವುದಕ್ಕೆ 2024ರಲ್ಲಿ ಭೂಮಿಪೂಜೆ ಮಾಡಿತು. ಇದೊಂದು ಸರಿ ಮಾಡಿದರೆ ಟೂ ವೀಲರ್ ಪ್ಯಾಲೆಟ್ ಬಿಟ್ಟುಬಿಡ್ತೀರಿ ನೋಡಿ.

ಪೀಣ್ಯ_ಎರಡನೇ_ಹಂತ · ಐದು ವಾರ ಬಿಟ್ಟು, ಭಾನುವಾರ

ಬಹಳ ದಿನ ಬರೆಯಲಿಲ್ಲ, ಕ್ಷಮಿಸಿ. ಮೂಗಿನ ಸ್ಟ್ಯಾಂಡ್ ಒಂದಕ್ಕೆ ಆರ್ಡರ್ ಸಿಕ್ಕಿತು. ಎಂಜಿನ್‌ದು ಇದನ್ನು ನೋಡಿದ ಮೇಲೆ ಅಂದಿದ್ದಾರೆ.

ಏನು ಮಾಡಿದೆ ಅಂದರೆ, ಸ್ಟೀಲ್ ಕತ್ತರಿಸುವ ಮೊದಲು ಶಾಪ್‌ನಲ್ಲಿ ಪ್ಲೈವುಡ್‌ನಿಂದ ಎ320 ಮೂಗು ಮಾಡಿಸಿದೆ. ಅವರು ಕೊಟ್ಟ ಅಳತೆಗೇ, ಎಡಗಡೆ ಅರ್ಧ ಮಾತ್ರ. ಗಾಜಿನ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬೋಲ್ಟ್ ಗುರುತು ಹಾಕಿದೆವು. ಬಡಗಿ ನಾಗಣ್ಣ "ಸಾರ್, ಗಣೇಶನ ಮಂಟಪಾನಾ" ಅಂತ ಕೇಳಿದ. ಅದರ ಮುಂದೆ ಮರದ ಪ್ಲಾಟ್‌ಫಾರ್ಮ್ ಇಟ್ಟು ಹ್ಯಾಂಗರ್‌ನ ಇಬ್ಬರು ಟೆಕ್ನಿಷಿಯನ್‌ಗಳನ್ನು ಕರೆಸಿದೆ. ನಿಂತು ಪ್ರತಿ ಬೋಲ್ಟ್ ಗುರುತಿನ ಮೇಲೂ ಸ್ಕ್ರೂಡ್ರೈವರ್ ಇಡಿ, ಎಲ್ಲಿ ಬಾಗಬೇಕಾಯಿತೋ ಅಲ್ಲಿ ಕೆಂಪು ಚಾಕ್‌ನಿಂದ ಗೀಚಿ ಅಂದೆ.

ಮೊದಲ ಸಲ ಅರ್ಧ ಗಾಜು ಕೆಂಪು. ಪ್ಲಾಟ್‌ಫಾರ್ಮ್ ಅಂಚನ್ನು ಒಳಗೆ ಬಾಗಿಸಿದೆವು, ಆರು ಸ್ಲೈಡರ್ ಹಾಕಿದೆವು. ಎರಡನೇ ಸಲ ಮೇಲಿನ ಮೂಲೆ ಮಾತ್ರ ಉಳಿಯಿತು. ಅಲ್ಲಿಗೆ ಒಂದು ಸಣ್ಣ ಮೆಟ್ಟಿಲು ಬೇಕು ಅಂತ ಅವರೇ ಹೇಳಿದರು. ಕಾಕ್‌ಪಿಟ್ ಕೆಳಗೆ ಮೈಯಿಂದ ಹೊರಗೆ ಚಾಚಿಕೊಂಡಿರುವ, ಗಾಳಿಯ ಅಳತೆ ಹಿಡಿಯುವ ಸಣ್ಣ ಪ್ರೋಬ್‌ಗಳಿಗೆ ನನ್ನ ಎರಡನೇ ಸ್ಲೈಡರ್ ನೇರ ಹೋಗಿ ಗುದ್ದುತ್ತಿತ್ತು. ಅದನ್ನೂ ಅವರೇ ತೋರಿಸಿದ್ದು. ಅಲ್ಲಿ ಕತ್ತರಿಸಿ ಜಾಗ ಬಿಟ್ಟಿದ್ದೇನೆ.

ಬ್ರೇಕ್ ಪೆಡಲ್ ನಮ್ಮ ಹುಡುಗರು ಚಪ್ಪಲಿಯಲ್ಲಿ ತುಳಿದು ಸರಿ ಇದೆ ಅಂದಿದ್ದರು. ಸೇಫ್ಟಿ ಶೂ ಹಾಕಿದವರ ಕಾಲು ಅದರ ಕೆಳಗೆ ತೂರಲೇ ಇಲ್ಲ, ಬಿಡಿಸುವುದು ಹೇಗೆ? 40 ಮಿಲಿಮೀಟರ್ ಮೇಲೆತ್ತಿದೆವು.

ಈಗ ಸ್ಟ್ಯಾಂಡ್ ನಿಂತಿದೆ. ಒಂದು ಪೆಡಲ್, ನಾಲ್ಕು ಬ್ರೇಕ್. ಹಳೇ ಏರ್‌ಪೋರ್ಟ್ ರೋಡ್ ಸರ್, ನಿಮ್ಮ ಟೀ ನೆನಪಿಗೆ.

ಹಳೇ_ಏರ್‌ಪೋರ್ಟ್_ರೋಡ್ · ಭಾನುವಾರ

ಪ್ಲೈವುಡ್ ಮೂಗು ಬಿಸಾಡಬೇಡಿ. ಮುಂದಿನ ಹುಡುಗರಿಗೆ ಅದರ ಮೇಲೇ ಟ್ರೇನಿಂಗ್ ಕೊಡಬಹುದು. ಲೋಡ್ ಟೆಸ್ಟ್ ಆಯಿತಾ?

ಪೀಣ್ಯ_ಎರಡನೇ_ಹಂತ · ಭಾನುವಾರ

ಮಂಗಳವಾರ ಇದೆ ಸರ್. ಮರಳು ಮೂಟೆ ತೂಕ ಮಾಡಿ ಇಟ್ಟಿದ್ದೇನೆ. ಬರೆದಿರುವ ಲೋಡ್‌ಗಿಂತ ಜಾಸ್ತಿ ಹಾಕಿ ಒಂದು ರಾತ್ರಿ ಪೂರ್ತಿ ಬಿಡುತ್ತೇವೆ. ಪಿನ್ ತೆಗೆದು ಹೈಡ್ರಾಲಿಕ್ ಮೇಲೆ ಮಾತ್ರ ಎಷ್ಟು ಇಳಿಯುತ್ತದೆ ಅಂತಲೂ ಗುರುತು ಹಾಕಿ ನೋಡುತ್ತೇವೆ. ಆಯುಧ ಪೂಜೆಗೆ ಮೊದಲು ಡೆಲಿವರಿ. ನಮ್ಮ ಹುಡುಗರು ಕುಂಕುಮ ಹಚ್ಚಿ, ಹೂವು ಸುತ್ತಿ, ಕ್ಯಾಸ್ಟರ್ ಕೆಳಗೆ ನಿಂಬೆಹಣ್ಣು ಇಟ್ಟು ಕಳಿಸೋಣ ಅಂತಾರೆ.

ರಿವೆಟ್_ರಾಣಿ · ಭಾನುವಾರ

ಪೂಜೆ ಶಾಪ್‌ನಲ್ಲೇ ಮುಗಿಸಿ, ಪೂರ್ತಿ ಒರೆಸಿ ಕಳಿಸಿ ಅಣ್ಣಾ. ಸ್ಲೈಡರ್ ಸಂದಿಯಲ್ಲಿ ಚೆಂಡುಹೂವಿನ ದಳ ಸಿಕ್ಕರೆ ಎಫ್‌ಒಡಿ ರಿಪೋರ್ಟ್ ಬರೆಯುವವಳು ನಾನೇ ಆಗಿರಬಹುದು. 😀

ಬಿ1_ಆಗ್ತೀನಿ · ಭಾನುವಾರ

ಅಣ್ಣಾ, ಮಂಗಳವಾರ ಲೋಡ್ ಟೆಸ್ಟ್ ನೋಡೋಕೆ ನಾನೂ ಬರಬಹುದಾ? ಕಾಲೇಜು ಜಾಲಹಳ್ಳಿ ಕಡೆ, ಹತ್ತಿರವೇ.

ಪೀಣ್ಯ_ಎರಡನೇ_ಹಂತ · ಭಾನುವಾರ

ಬಾಪ್ಪ. ಒಂಬತ್ತೂವರೆಗೆ ಬಾ. ಸೇಫ್ಟಿ ಶೂ ಇದ್ದರೆ ಹಾಕ್ಕೊಂಡು ಬಾ, ಪೆಡಲ್ ಇನ್ನೊಂದು ಸಲ ತುಳಿದು ನೋಡೋಕೆ ಒಂದು ಕಾಲು ಬೇಕು.